ಒಳಗೆ ಉಳಿದದ್ದೆಷ್ಟು? ಹಿರಿಯರ ಮೂತ್ರದ ತೊಂದರೆ: ತಪ್ಪು ಕಲ್ಪನೆ ಮತ್ತು ವಾಸ್ತವ

ಹಾಸನದ ಬಸ್ಸು ಹತ್ತುವ ಮೊದಲು ನಮ್ಮ ದೊಡ್ಡಪ್ಪ ಎರಡು ಸಲ ಒಂದಕ್ಕೆ ಹೋಗಿ ಬರುತ್ತಿದ್ದರು. ಹೊಳೆನರಸೀಪುರದಿಂದ ಹಾಸನಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಆ ಒಂದು ಗಂಟೆಗೆ ಹೆದರಿ ಮೊದಲು ಬೆಳಗಿನ ಕಾಫಿ ಬಿಟ್ಟರು, ಆಮೇಲೆ ನೀರು ಕುಡಿಯುವುದನ್ನು ಬಿಟ್ಟರು, ಕೊನೆಗೆ ಮದುವೆ, ತಿಥಿಗಳಿಗೆ ಹೋಗುವುದನ್ನೇ ಬಿಟ್ಟರು. ಮನೆಯವರೆಲ್ಲ ವಯಸ್ಸಾಯಿತಲ್ಲ ಅಂದುಕೊಂಡೆವು. ಎಪ್ಪತ್ತು ದಾಟಿದ ಮನುಷ್ಯ ರಾತ್ರಿ ಐದು ಸಲ ಎದ್ದು ಹಿತ್ತಲಿಗೆ ಹೋದರೆ ಅದರಲ್ಲಿ ಕೇಳುವಂಥದ್ದೇನಿದೆ ಎಂಬುದು ನಮ್ಮ ಲೆಕ್ಕವಾಗಿತ್ತು. ಒಂದು ರಾತ್ರಿ ಮೂತ್ರ ಪೂರ್ತಿ ಕಟ್ಟಿಕೊಂಡಿತು. ಆಸ್ಪತ್ರೆಯಲ್ಲಿ ಪೈಪು ಹಾಕಿದ ಮೇಲೆ ಚೀಲಕ್ಕೆ ಇಳಿದ ಮೂತ್ರ ಒಂದು ಲೀಟರಿಗೂ ಮಿಗಿಲಿತ್ತು. ಮೂರು ವರ್ಷ ಅವರು ಹೇಳಿಕೊಂಡಿರಲಿಲ್ಲ, ನಾವು ಕೇಳಿರಲಿಲ್ಲ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಈ ತೊಂದರೆಯ ಬಗ್ಗೆ ಓಡಾಡುವ ಮಾತುಗಳಲ್ಲಿ ಹೆಚ್ಚಿನವನ್ನು ನಾವೂ ನಂಬಿದವರೇ. ಕೆಲವು ಮಾತಿನ ಹಿಂದೆ ಒಂದಿಷ್ಟು ಅನುಭವವೂ ಇದೆ. ಆದ್ದರಿಂದ ಮೂಢನಂಬಿಕೆ ಎಂದು ಒಂದೇ ಮಾತಿಗೆ ತಳ್ಳಿಹಾಕದೆ ಒಂದೊಂದಕ್ಕೂ ಉತ್ತರ ಹೇಳಬೇಕು.

ತಪ್ಪು ಕಲ್ಪನೆ: ವಯಸ್ಸಾದ ಮೇಲೆ ಹೀಗೆಲ್ಲ ಆಗುವುದು ಸಹಜ, ಇದಕ್ಕೆ ಮದ್ದಿಲ್ಲ, ಸಹಿಸಿಕೊಳ್ಳಬೇಕು.

ವಾಸ್ತವ: ವಯಸ್ಸಾದವರಲ್ಲಿ ಇದು ಹೆಚ್ಚು, ಅಷ್ಟು ನಿಜ. ಆದರೆ ಹೆಚ್ಚು ಜನರಿಗೆ ಬರುತ್ತದೆ ಎಂದರೆ ಮದ್ದಿಲ್ಲ ಎಂದಲ್ಲ. ಕಣ್ಣಿಗೆ ಪೊರೆ ಬರುವುದೂ ವಯಸ್ಸಿನಿಂದಲೇ, ಅದಕ್ಕೆ ನಾವು ಆಪರೇಷನ್ ಮಾಡಿಸುವುದಿಲ್ಲವೇ?

ಗಂಡಸರಲ್ಲಿ ಮೂತ್ರಕೋಶದ ಬಾಯಿಗೆ ಸುತ್ತುಗಟ್ಟಿದಂತೆ ಪ್ರಾಸ್ಟೇಟ್ ಎಂಬ ಗ್ರಂಥಿ ಇದೆ. ಹರೆಯದಲ್ಲಿ ಅದರ ತೂಕ ಸುಮಾರು 20 ಗ್ರಾಂ. ಮೂತ್ರ ಹೊರಬರುವ ನಾಳ ಇದರ ನಡುವೆಯೇ ಹಾದುಹೋಗುತ್ತದೆ. 50 ದಾಟಿದ ಮೇಲೆ ಅರ್ಧದಷ್ಟು ಗಂಡಸರಲ್ಲಿ, 80 ದಾಟಿದವರಲ್ಲಿ ಹತ್ತಕ್ಕೆ ಎಂಟು ಜನರಲ್ಲಿ ಈ ಗ್ರಂಥಿ ಬೆಳೆದಿರುತ್ತದೆ. ಬೆಳೆದದ್ದು ನಾಳವನ್ನು ಒತ್ತಿದಾಗ ಧಾರೆ ಸಣ್ಣಗಾಗುತ್ತದೆ, ಶುರುವಾಗಲು ತಡವಾಗುತ್ತದೆ, ಮುಗಿದ ಮೇಲೂ ಹನಿಯುತ್ತದೆ.

ಹಾಗಂತ ಎಲ್ಲವನ್ನೂ ಪ್ರಾಸ್ಟೇಟ್ ತಲೆಗೆ ಕಟ್ಟುವಂತಿಲ್ಲ. ಸಕ್ಕರೆ ಕಾಯಿಲೆ ಹಳೆಯದಾದಂತೆ ಮೂತ್ರಕೋಶದ ನರ ಮಂಕಾಗುತ್ತದೆ, ತುಂಬಿದ್ದೇ ತಿಳಿಯುವುದಿಲ್ಲ. ಲಕ್ವ ಹೊಡೆದವರಲ್ಲಿ, ಪಾರ್ಕಿನ್‌ಸನ್ ಇರುವವರಲ್ಲಿ ಮಿದುಳಿನಿಂದ ಬರುವ ಅಪ್ಪಣೆ ತಪ್ಪುತ್ತದೆ. ಕಲ್ಲು, ಸೋಂಕು, ಹಿಂದೆಂದೋ ಆದ ಗಾಯದಿಂದ ಕಿರಿದಾದ ನಾಳ ಇವೂ ಕಾರಣವಾಗಬಹುದು. ನಾಲ್ಕು ದಿನದ ಮಲಬದ್ಧತೆ ಕೂಡ ಮೂತ್ರಕೋಶವನ್ನು ಒತ್ತಿ ಹಿಡಿಯುತ್ತದೆ. ಹೊಟ್ಟೆ ಸರಿಯಾದ ಮೇಲೆ ಮೂತ್ರವೂ ಸರಾಗವಾದ ಹಿರಿಯರು ಎಷ್ಟೋ ಜನ. ಕಾರಣ ಬೇರೆಯಾದಾಗ ಚಿಕಿತ್ಸೆಯೂ ಬೇರೆಯಾಗಲೇಬೇಕು.

ತಪ್ಪು ಕಲ್ಪನೆ: ಗಂಟೆಗೊಮ್ಮೆ ಹೋಗುತ್ತಿದ್ದಾರೆ, ಪಂಚೆಯೂ ಒದ್ದೆಯಾಗುತ್ತಿದೆ ಎಂದರೆ ಮೂತ್ರ ಚೆನ್ನಾಗಿಯೇ ಹೋಗುತ್ತಿದೆ, ಕಟ್ಟಿಕೊಂಡಿಲ್ಲ.

ವಾಸ್ತವ: ನಮ್ಮನ್ನು ಅತಿ ಹೆಚ್ಚು ದಾರಿ ತಪ್ಪಿಸಿದ್ದು ಇದು. ಕೆರೆ ತುಂಬಿದಾಗ ಕೋಡಿ ಹರಿಯುತ್ತದೆ. ಕೋಡಿಯಲ್ಲಿ ನೀರು ಕಂಡವರು ಕೆರೆ ಖಾಲಿಯಾಗುತ್ತಿದೆ ಎನ್ನುವುದಿಲ್ಲ, ತುಂಬಿ ತುಳುಕುತ್ತಿದೆ ಎನ್ನುತ್ತಾರೆ. ಮೂತ್ರಕೋಶದ್ದೂ ಇದೇ ಕಥೆ. ದೊಡ್ಡವರ ಮೂತ್ರಕೋಶದಲ್ಲಿ ಆರಾಮವಾಗಿ ಹಿಡಿಸುವುದು 400ರಿಂದ 500 ಮಿಲಿಲೀಟರ್. ಬಾಯಿ ಕಟ್ಟಿಕೊಂಡಿದ್ದರೆ, ಇಲ್ಲವೇ ಮೂತ್ರಕೋಶದ ಸ್ನಾಯು ಸೋತಿದ್ದರೆ, ಪ್ರತಿ ಸಲವೂ ಒಂದಿಷ್ಟು ಒಳಗೇ ಉಳಿಯುತ್ತದೆ. ಉಳಿದದ್ದರ ಮೇಲೆ ಹೊಸದು ಸೇರಿ ಬೇಗ ತುಂಬುತ್ತದೆ. ಅದಕ್ಕೇ ಪದೇ ಪದೇ ಹೋಗಬೇಕೆನಿಸುವುದು. ಕೊನೆಗೆ ಹಿಡಿಸಲಾರದೆ ತಾನಾಗಿಯೇ ಹನಿ ಹನಿ ಸೋರುತ್ತದೆ.

ನಿಧಾನವಾಗಿ ಹೀಗೆ ತುಂಬಿದರೆ ನೋವೇ ಇರದಿರಬಹುದು. ದೊಡ್ಡಪ್ಪನಿಗೂ ಪೂರ್ತಿ ಕಟ್ಟಿಕೊಂಡ ಆ ರಾತ್ರಿಯವರೆಗೆ ನೋವಿರಲಿಲ್ಲ. ಅಂಗಾತ ಮಲಗಿಸಿ ಹೊಕ್ಕುಳಿನ ಕೆಳಗೆ ಕೈಯಿಟ್ಟಾಗ ಗಾಳಿ ತುಂಬಿದ ಚೆಂಡಿನಂತೆ ಗಟ್ಟಿಯಾಗಿ ಸಿಕ್ಕಿತು. ನಾವು ಅದನ್ನು ಬೊಜ್ಜು ಎಂದುಕೊಂಡಿದ್ದೆವು. ಒಳಗಿನ ಒತ್ತಡ ಮೇಲಕ್ಕೆ ಹೋದರೆ ಎರಡೂ ಕಿಡ್ನಿ ಊದಿಕೊಂಡು, ಸದ್ದಿಲ್ಲದೆ ಕೆಡುತ್ತಾ ಹೋಗುತ್ತವೆ.

ಆದ್ದರಿಂದ ಹೊರಗೆ ಹೋದದ್ದೆಷ್ಟು ಎಂದು ಕೇಳಿದರೆ ಸಾಲದು, ಒಳಗೆ ಉಳಿದದ್ದೆಷ್ಟು ಎಂದು ನೋಡಬೇಕು. ಒಂದಕ್ಕೆ ಹೋಗಿ ಬಂದ ತಕ್ಷಣ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿದರೆ ಇದು ತಿಳಿಯುತ್ತದೆ. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. ಇದರ ಜೊತೆಗೆ ಮೂತ್ರ ಪರೀಕ್ಷೆ, ರಕ್ತದಲ್ಲಿ ಸಕ್ಕರೆ ಮತ್ತು ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿಸಿದರೆ ಅರ್ಧ ಉತ್ತರ ಸಿಕ್ಕಿದಂತೆ.

ತಪ್ಪು ಕಲ್ಪನೆ: ಇದೆಲ್ಲ ಉಷ್ಣ. ಹೊಕ್ಕುಳಿಗೆ ಹರಳೆಣ್ಣೆ, ಕಾಲಿನ ಹೆಬ್ಬೆರಳಿಗೆ ಸುಣ್ಣ, ಎರಡು ಎಳನೀರು, ಒಂದು ಲೋಟ ಬಾರ್ಲಿ ನೀರು ಸಾಕು.

ವಾಸ್ತವ: ಮಾರ್ಚ್, ಏಪ್ರಿಲ್‌ನ ಬಿಸಿಲಲ್ಲಿ ಹೊಲದಲ್ಲಿ ದುಡಿದು ನೀರು ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ, ಹಳದಿಯಾಗಿ, ಉರಿಯುತ್ತದೆ. ಆಗ ಎಳನೀರು ಕುಡಿದರೆ ಉರಿ ಇಳಿಯುವುದು ನಿಜ. ಕೆಲಸ ಮಾಡಿದ್ದು ಒಳಗೆ ಹೋದ ನೀರು. ಹೊಕ್ಕುಳಿನಿಂದ ಮೂತ್ರಕೋಶಕ್ಕೆ ಎಣ್ಣೆ ಇಳಿಯುವ ದಾರಿ ಇಲ್ಲ. ಹೆಬ್ಬೆರಳ ಸುಣ್ಣವೂ ಅಲ್ಲಿಗೆ ತಲುಪದು. ಎಣ್ಣೆ ಹಚ್ಚಿದರೆ ಕೆಡುಕಿಲ್ಲ, ಹಚ್ಚಿಕೊಂಡು ವಾರಗಟ್ಟಲೆ ಕಾಯುವುದರಲ್ಲಿ ಕೆಡುಕಿದೆ. ಜ್ವರ, ಚಳಿ, ಉರಿಮೂತ್ರ ಒಟ್ಟಿಗೆ ಬಂದರೆ ಅದು ಸೋಂಕು, ಅದನ್ನು ಉಷ್ಣದ ಲೆಕ್ಕಕ್ಕೆ ಸೇರಿಸಬಾರದು.

ಚನ್ನರಾಯಪಟ್ಟಣದ ತೆಂಗಿನ ಸೀಮೆಯವರಿಗೆ ಒಂದು ಮಾತು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ಆಗಲೇ ಸೋತಿರುವ ಹಿರಿಯರಿಗೆ ಇದು ಹೃದಯದ ಬಡಿತವನ್ನೇ ತಪ್ಪಿಸಬಹುದು. ತೋಟದ್ದೇ ಆದರೂ ಡಾಕ್ಟರನ್ನು ಕೇಳಿ ಕೊಡಿ.

ಇನ್ನೂ ಅಪಾಯದ ತಪ್ಪೊಂದಿದೆ. ಪೂರ್ತಿ ಕಟ್ಟಿಕೊಂಡು ಒದ್ದಾಡುತ್ತಿರುವವರಿಗೆ ಲೋಟದ ಮೇಲೆ ಲೋಟ ನೀರು ಕುಡಿಸುವುದು. ತೂಬು ಮುಚ್ಚಿಹೋಗಿದೆ, ಮೇಲಿನಿಂದ ಕಾಲುವೆ ಬಿಟ್ಟರೆ ಏರಿಯ ಗತಿಯೇನು? ದೊಡ್ಡಪ್ಪನಿಗೆ ಕಟ್ಟಿಕೊಂಡ ಆ ರಾತ್ರಿ ನಾವೂ ಜೀರಿಗೆ ಕಷಾಯ ಕುಡಿಸಿದ್ದೆವು. ನೋವು ದುಪ್ಪಟ್ಟಾಯಿತು.

ತಪ್ಪು ಕಲ್ಪನೆ: ಹುತ್ತದ ಹತ್ತಿರ ಒಂದಕ್ಕೆ ಕೂತದ್ದರಿಂದ ನಾಗನ ದೋಷ ತಗುಲಿದೆ. ಅಜ್ಜಿ ಇದ್ದಕ್ಕಿದ್ದಂತೆ ಬಡಬಡಿಸುತ್ತಿದ್ದಾಳೆಂದರೆ ಗಾಳಿ ಸೋಕಿದೆ.

ವಾಸ್ತವ: ಹುತ್ತವನ್ನು ಗೌರವಿಸುವವರು ಗೌರವಿಸಲಿ, ಪೂಜೆ ಮಾಡುವವರು ಮಾಡಲಿ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಈ ತೊಂದರೆ ಹೊಲಕ್ಕೆ ಕಾಲಿಡದ, ಹಾಸನದ ಪೇಟೆಯಲ್ಲೇ ಹುಟ್ಟಿ ಬೆಳೆದ ಗುಮಾಸ್ತರಿಗೂ ಬರುತ್ತದೆ, ಹುತ್ತವನ್ನೇ ಕಾಣದ ದೇಶದ ಜನರಿಗೂ ಬರುತ್ತದೆ. 2024ರ ಜನವರಿಯಲ್ಲಿ ಬ್ರಿಟನ್ನಿನ ದೊರೆ ಚಾರ್ಲ್ಸ್ ತಮಗೆ ಪ್ರಾಸ್ಟೇಟ್ ದೊಡ್ಡದಾಗಿದೆ, ಚಿಕಿತ್ಸೆಗೆ ಆಸ್ಪತ್ರೆಗೆ ಹೋಗುತ್ತಿದ್ದೇನೆ ಎಂದು ಅರಮನೆಯಿಂದಲೇ ಪ್ರಕಟಿಸಿದರು. ಅದನ್ನು ಕೇಳಿ ಅಲ್ಲಿನ ಗಂಡಸರು ತಮ್ಮ ತೊಂದರೆಯ ಬಗ್ಗೆ ವಿಚಾರಿಸತೊಡಗಿದರು. ದೊರೆಯೇ ಹೇಳಿಕೊಂಡ ಮೇಲೆ ನಮ್ಮ ಮನೆಯ ಯಜಮಾನರು ನಾಚುವ ಅಗತ್ಯವಿಲ್ಲ.

ಗಾಳಿ ಸೋಕುವ ಮಾತಿಗೆ ಬರೋಣ. ನಿನ್ನೆಯವರೆಗೆ ಸರಿಯಾಗಿದ್ದ ಅಜ್ಜಿ ಇಂದು ಮಗನ ಗುರುತು ಹಿಡಿಯದೆ ಏನೇನೋ ಹೇಳುತ್ತಾ, ಬಟ್ಟೆ ಕಿತ್ತುಕೊಳ್ಳುತ್ತಿದ್ದರೆ ಮನೆಯವರು ಗಾಬರಿಯಾಗುವುದು ಸಹಜ. ಹಿರಿಯರಲ್ಲಿ ಇಂಥ ದಿಢೀರ್ ಗೊಂದಲಕ್ಕೆ ತೀವ್ರ ಸೋಂಕು, ಕಟ್ಟಿಕೊಂಡ ಮೂತ್ರ, ಮೈಯಲ್ಲಿ ನೀರು ಕಡಿಮೆಯಾಗಿರುವುದು, ಸೋಡಿಯಂ ಇಲ್ಲವೇ ಸಕ್ಕರೆ ಏರುಪೇರಾಗಿರುವುದು ಕಾರಣವಾಗಬಹುದು. ಯಂತ್ರ ಕಟ್ಟಿಸಲು ಹೋಗುವ ಒಂದು ದಿನದಲ್ಲಿ ಇವೆಲ್ಲ ಕೈಮೀರುತ್ತವೆ. ಮೊದಲು ಆಸ್ಪತ್ರೆ, ಹರಕೆ ಆಮೇಲೂ ತೀರಿಸಬಹುದು.

ತಪ್ಪು ಕಲ್ಪನೆ: ನೀರು ಕಡಿಮೆ ಕುಡಿದರೆ ತೊಂದರೆ ಕಡಿಮೆಯಾಗುತ್ತದೆ.

ವಾಸ್ತವ: ಕುಡಿಯುವುದನ್ನು ಬಿಟ್ಟರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನೇ ಕೆರಳಿಸುತ್ತದೆ, ಮತ್ತಷ್ಟು ಅವಸರವಾಗುತ್ತದೆ. ಮಲಬದ್ಧತೆ, ಸೋಂಕು, ತಲೆಸುತ್ತು ಜೊತೆಗೆ ಬರುತ್ತವೆ. ಬದಲಿಸಬೇಕಾದದ್ದು ಹೊತ್ತು. ಬೆಳಗಿನಿಂದ ಸಂಜೆಯೊಳಗೆ ಚೆನ್ನಾಗಿ ಕುಡಿದು, ಮಲಗುವ ಎರಡು ಮೂರು ಗಂಟೆ ಮೊದಲು ಕಡಿಮೆ ಮಾಡುವುದು. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಕಾಫಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲ. ಸಂಜೆ ಆರರ ಲೋಟವನ್ನಾದರೂ ಬಿಡಿ.

ರಾತ್ರಿ ಮಾತ್ರ ಹೆಚ್ಚು ಹೋಗುವವರು ಸಂಜೆ ಹೊತ್ತು ಪಾದ ನೋಡಿಕೊಳ್ಳಬೇಕು. ಬೆರಳೊತ್ತಿದರೆ ಗುಳಿ ಬೀಳುವಷ್ಟು ಊದಿದ್ದರೆ, ಹಗಲೆಲ್ಲ ಕಾಲಿನಲ್ಲಿ ನಿಂತ ನೀರು ಮಲಗಿದ ಮೇಲೆ ರಕ್ತಕ್ಕೆ ಮರಳಿ ಮೂತ್ರವಾಗುತ್ತಿದೆ ಎಂದರ್ಥ. ಹೃದಯ, ಕಿಡ್ನಿ ಪರೀಕ್ಷಿಸಿಕೊಳ್ಳಬೇಕು. ಬಿಪಿಯ ಅಮ್ಲೋಡಿಪಿನ್ ಮಾತ್ರೆಯಿಂದಲೂ ಕಾಲು ಊದುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಕಾಲು ಎತ್ತರದಲ್ಲಿಟ್ಟು ಮಲಗಿದರೆ ಆ ನೀರು ಹಗಲಲ್ಲೇ ಹೊರಹೋಗುತ್ತದೆ. ದೊಡ್ಡಪ್ಪ ಈಗ ಇದನ್ನು ತಪ್ಪದೆ ಪಾಲಿಸುತ್ತಾರೆ.

ಇನ್ನೆರಡು ಅಭ್ಯಾಸಗಳು. ಗಂಡಸರೂ ಅವಸರಪಡದೆ ಕೂತು ಮಾಡುವುದು. ಮುಗಿಯಿತೆನಿಸಿದ ಮೇಲೆ ಒಂದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸುವುದು. ಜೊತೆಗೆ ಮೂರು ದಿನ, ಯಾವ ಹೊತ್ತಿಗೆ ಎಷ್ಟು ಕುಡಿದರು, ಎಷ್ಟು ಹೋಯಿತು ಎಂದು ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡಿ. ಅಳೆಯಲು ಗೆರೆ ಇರುವ ಹಳೆಯ ಪ್ಲಾಸ್ಟಿಕ್ ಲೋಟ ಸಾಕು. ಡಾಕ್ಟರ ಮುಂದೆ ಆ ಹಾಳೆ ಇಟ್ಟರೆ ಹತ್ತು ನಿಮಿಷದ ಮಾತಿಗಿಂತ ಹೆಚ್ಚು ತಿಳಿಯುತ್ತದೆ.

ತಪ್ಪು ಕಲ್ಪನೆ: ಇದು ಗಂಡಸರ ಕಾಯಿಲೆ. ಹೆಂಗಸರಿಗೆ ಎರಡು ಹನಿ ಜಾರಿದರೆ ಅದು ಹೆತ್ತವರ ಹಣೆಬರಹ.

ವಾಸ್ತವ: ಹೆಂಗಸರಿಗೂ ಬರುತ್ತದೆ. ಅವರು ಹೇಳಿಕೊಳ್ಳುವುದು ಗಂಡಸರಿಗಿಂತಲೂ ಕಡಿಮೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಹಾರ್ಮೋನು ಇಳಿದು ಮೂತ್ರದ್ವಾರದ ಒಳಪದರ ತೆಳುವಾಗುತ್ತದೆ, ಉರಿ ಮತ್ತು ಸೋಂಕು ಪದೇ ಪದೇ ಕಾಡುತ್ತವೆ. ಹಲವು ಹೆರಿಗೆ, ವರ್ಷಗಟ್ಟಲೆ ತುಂಬಿದ ಕೊಡ, ಹುಲ್ಲಿನ ಹೊರೆ ಹೊತ್ತದ್ದು ಎಲ್ಲ ಸೇರಿ ಕಿಬ್ಬೊಟ್ಟೆಯನ್ನು ತಳದಿಂದ ಹಿಡಿದಿಡುವ ಸ್ನಾಯುಗಳು ಸಡಿಲವಾಗುತ್ತವೆ. ಕೆಮ್ಮಿದರೆ, ಸೀನಿದರೆ, ಬಿಂದಿಗೆ ಎತ್ತಿದರೆ ಸೀರೆ ಒದ್ದೆಯಾಗುತ್ತದೆ. ಕೆಲವರಲ್ಲಿ ಗರ್ಭಕೋಶ ಕೆಳಗೆ ಜಾರಿ ನಾಳವನ್ನು ಮಡಚಿಬಿಡುತ್ತದೆ. ಅಂಥವರಿಗೆ ಮೂತ್ರ ಕಟ್ಟಿಕೊಳ್ಳುವುದೂ ಉಂಟು.

ಅರಕಲಗೂಡಿನ ಕಡೆ ಶುಂಠಿ, ಹೊಗೆಸೊಪ್ಪಿನ ಹೊಲಗಳಿಗೆ ಕೂಲಿಗೆ ಹೋಗುವ ಹೆಂಗಸರಿಗೆ ಮರೆಯ ಜಾಗ ಸಿಗುವುದು ಕಷ್ಟ. ಬೆಳಿಗ್ಗೆ ಮನೆ ಬಿಟ್ಟವರು ಸಂಜೆಯವರೆಗೆ ತಡೆದುಕೊಳ್ಳುತ್ತಾರೆ, ತಡೆಯಬೇಕಲ್ಲ ಎಂದು ನೀರನ್ನೂ ಕುಡಿಯುವುದಿಲ್ಲ. ಇದು ಹಣೆಬರಹವಲ್ಲ, ಶೌಚಾಲಯ ಇಲ್ಲದ್ದರ ಫಲ. ಹೊಲದ ಅಂಚಿನಲ್ಲಿ ನಾಲ್ಕು ಗೂಟ ನೆಟ್ಟು ತಡಿಕೆ ಕಟ್ಟಿಕೊಡುವುದು ಯಜಮಾನರಿಗೆ ದೊಡ್ಡ ಖರ್ಚಲ್ಲ.

ಜಾರುವ ಹನಿಗೆ ಔಷಧಿಗಿಂತ ಮೊದಲು ವ್ಯಾಯಾಮವಿದೆ. ಅಮೆರಿಕದ ವೈದ್ಯ ಆರ್ನಾಲ್ಡ್ ಕೀಗಲ್ 1948ರಲ್ಲಿ ತಿಳಿಸಿದ್ದು. ಹೂಸು ತಡೆಯುವಾಗ ಬಿಗಿಯಾಗುವ ಸ್ನಾಯುವನ್ನು ಐದು ಎಣಿಸುವವರೆಗೆ ಬಿಗಿಹಿಡಿದು, ಐದು ಎಣಿಸುವವರೆಗೆ ಸಡಿಲ ಬಿಡಬೇಕು. ಒಂದು ಸಲಕ್ಕೆ ಹತ್ತರಂತೆ ದಿನಕ್ಕೆ ಮೂರು ಸಲ, ಬಿಡದೆ ಮೂರು ತಿಂಗಳು. ಹುರುಳಿಕಾಯಿ ಸೋಸುತ್ತಲೇ ಮಾಡಬಹುದು, ಪಕ್ಕದಲ್ಲಿದ್ದವರಿಗೂ ತಿಳಿಯದು. ಗರ್ಭಕೋಶ ಜಾರಿದವರಿಗೆ ಒಳಗಿಡುವ ಬಳೆಯಂಥ ಸಾಧನವಿದೆ, ಅದು ಸಾಲದಿದ್ದರೆ ಶಸ್ತ್ರಚಿಕಿತ್ಸೆ ಇದೆ.

ತಪ್ಪು ಕಲ್ಪನೆ: ನೆಗಡಿ ಮಾತ್ರೆಗೂ ಮೂತ್ರಕ್ಕೂ ಸಂಬಂಧವಿಲ್ಲ.

ವಾಸ್ತವ: ಇದೆ. ದೊಡ್ಡಪ್ಪನಿಗೆ ಪೂರ್ತಿ ಕಟ್ಟಿಕೊಂಡದ್ದು ಮೆಡಿಕಲ್ ಸ್ಟೋರಿನಿಂದ ತಂದ ನೆಗಡಿ ಮಾತ್ರೆ ನುಂಗಿದ ಎರಡನೆಯ ದಿನ. ಅಂಥ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್ ಮೂತ್ರಕೋಶದ ಸ್ನಾಯುವಿನ ಬಲ ತಗ್ಗಿಸುತ್ತದೆ, ಫೆನೈಲೆಫ್ರಿನ್ ಅದರ ಬಾಯಿಯನ್ನು ಬಿಗಿ ಮಾಡುತ್ತದೆ. ನಿದ್ದೆಗೆ, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಕ್ಲೋರ್‌ಫೆನಿರಮಿನ್‌ನಂತೆಯೇ ಸ್ನಾಯುವಿನ ಬಲ ತಗ್ಗಿಸುತ್ತದೆ. ಬಿಪಿಗೆ ಕೊಡುವ ನೀರಿನ ಮಾತ್ರೆ, ಸಕ್ಕರೆ ಕಾಯಿಲೆಯ ಡಾಪಾಗ್ಲಿಫ್ಲೋಜಿನ್ ಮೂತ್ರವನ್ನು ಹೆಚ್ಚಿಸುತ್ತವೆ. ಅವನ್ನು ಬೆಳಿಗ್ಗೆ ತೆಗೆದುಕೊಂಡರೆ ರಾತ್ರಿಯ ಓಡಾಟ ತಗ್ಗುತ್ತದೆ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ತಪ್ಪು ಕಲ್ಪನೆ: ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಪ್ರಾಸ್ಟೇಟ್ ಗ್ರೇಡ್ 2 ಎಂದಿದ್ದರೆ ಕ್ಯಾನ್ಸರಿನ ಎರಡನೆಯ ಹಂತ.

ವಾಸ್ತವ: ಅಲ್ಲ. ಅಲ್ಲಿ ಗ್ರೇಡ್ ಎಂದರೆ ಗಾತ್ರ ಮಾತ್ರ. ದೊಡ್ಡ ಗ್ರಂಥಿ ಇದ್ದೂ ಸರಾಗವಾಗಿ ಹೋಗುವವರಿದ್ದಾರೆ, ಸಣ್ಣದಿದ್ದೂ ಕಟ್ಟಿಕೊಂಡವರಿದ್ದಾರೆ. ವಯಸ್ಸಿನಿಂದ ಊದಿದ ಗ್ರಂಥಿ ಕ್ಯಾನ್ಸರಿಗೆ ತಿರುಗುವುದೂ ಇಲ್ಲ. ಅವು ಬೇರೆ ಬೇರೆ, ಒಬ್ಬರಲ್ಲೇ ಎರಡೂ ಇರಬಹುದು ಅಷ್ಟೆ. ಪ್ರಾಸ್ಟೇಟಿಗಾಗಿ ಮಾಡುವ ರಕ್ತ ಪರೀಕ್ಷೆಯ ಪಿಎಸ್ಎ ಸಂಖ್ಯೆ ಸೋಂಕಿದ್ದರೂ, ಪೈಪು ಹಾಕಿದ್ದರೂ ಏರುತ್ತದೆ. ಕಾಗದ ಹಿಡಿದು ಅಳುವ ಮೊದಲು ಓದಿ ಹೇಳಬಲ್ಲವರಿಗೆ ತೋರಿಸಬೇಕು. ಹೆದರಬೇಕಾದ ಜಾಗ ಬೇರೆ ಇದೆ: ನೋವಿಲ್ಲದೆ ಮೂತ್ರದಲ್ಲಿ ರಕ್ತ ಬಂದರೆ, ಒಂದೇ ಸಲ ಬಂದು ನಿಂತುಹೋದರೂ, ಅದರಲ್ಲೂ ಬೀಡಿ ಸಿಗರೇಟು ಸೇದಿದವರು, ಒಂದು ದಿನವೂ ತಡಮಾಡಬಾರದು. ಮೂತ್ರಕೋಶದ ಕ್ಯಾನ್ಸರಿಗೆ ಹೊಗೆ ದೊಡ್ಡ ಕಾರಣ.

ತಪ್ಪು ಕಲ್ಪನೆ: ಒಮ್ಮೆ ಪೈಪು ಹಾಕಿದರೆ ಸಾಯುವವರೆಗೂ ಪೈಪೇ ಗತಿ. ಆಪರೇಷನ್ ಮಾಡಿಸಿದರೆ ಗಂಡಸುತನ ಹೋಗುತ್ತದೆ.

ವಾಸ್ತವ: ದಿಢೀರನೆ ಕಟ್ಟಿಕೊಂಡವರಿಗೆ ಪೈಪು ಹಾಕಿ, ಟ್ಯಾಮ್ಸುಲೋಸಿನ್‌ನಂಥ ಮಾತ್ರೆ ಕೊಟ್ಟು, ಕೆಲವು ದಿನದ ಮೇಲೆ ಪೈಪು ತೆಗೆದು ನೋಡುತ್ತಾರೆ. ಎಷ್ಟೋ ಜನ ತಾವಾಗಿಯೇ ಮೂತ್ರ ಮಾಡುತ್ತಾರೆ. ಈ ಮಾತ್ರೆ ಮೂತ್ರಕೋಶದ ಬಾಯಿಯನ್ನು ಕೆಲವೇ ದಿನಗಳಲ್ಲಿ ಸಡಿಲಿಸುತ್ತದೆ. ಎದ್ದು ನಿಂತಾಗ ತಲೆ ಸುತ್ತಬಹುದು, ಅದಕ್ಕೇ ರಾತ್ರಿ ಮಂಚದಿಂದ ಒಮ್ಮೆಲೇ ಏಳಬಾರದು. ಕಣ್ಣಿನ ಪೊರೆ ತೆಗೆಸುವವರು ಈ ಮಾತ್ರೆಯ ವಿಷಯ ಕಣ್ಣಿನ ಡಾಕ್ಟರಿಗೆ ಹೇಳಲೇಬೇಕು. ಗ್ರಂಥಿಯನ್ನೇ ಕುಗ್ಗಿಸುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಮಾತ್ರೆಗಳಿಗೆ ಆರು ತಿಂಗಳಾದರೂ ಬೇಕು. ಒಂದು ತಿಂಗಳಿಗೆ ಗುಣ ಕಾಣಲಿಲ್ಲ ಎಂದು ಬಿಡುವುದು ತಪ್ಪು.

ಮಾತ್ರೆಗೆ ಬಗ್ಗದಿದ್ದರೆ, ಕಿಡ್ನಿಗೆ ಪೆಟ್ಟು ಬೀಳುತ್ತಿದ್ದರೆ ಶಸ್ತ್ರಚಿಕಿತ್ಸೆ. ಹೊಟ್ಟೆ ಕೊಯ್ಯದೆ ಮೂತ್ರನಾಳದ ಮೂಲಕವೇ ದುರ್ಬೀನು ಹಾಯಿಸಿ ಅಡ್ಡವಾದ ಭಾಗವನ್ನು ತೆಗೆಯುತ್ತಾರೆ. ಸಾಮಾನ್ಯವಾಗಿ ಗಂಡಸುತನ ಹೋಗುವುದಿಲ್ಲ. ಬದಲಾಗುವುದು ಒಂದು: ವೀರ್ಯ ಹೊರಗೆ ಬರುವ ಬದಲು ಮೂತ್ರಕೋಶಕ್ಕೆ ಹೋಗಿ ಆಮೇಲೆ ಮೂತ್ರದ ಜೊತೆ ಹೊರಬರಬಹುದು. ಇದನ್ನು ಮುಂಚೆಯೇ ಕೇಳಿ ತಿಳಿದವರು ಹೆದರುವುದಿಲ್ಲ.

ತಪ್ಪು ಕಲ್ಪನೆ: ಬಸ್ ನಿಲ್ದಾಣದ ಹತ್ತಿರ ಮಾರುವ ಪುಡಿ ಗಿಡಮೂಲಿಕೆಯದು, ಅದರಿಂದ ಕೆಡುಕಾಗುವುದಿಲ್ಲ.

ವಾಸ್ತವ: ಆಯುರ್ವೇದದ ಸುಶ್ರುತ ಸಂಹಿತೆ ಮೂತ್ರಾಘಾತವನ್ನು, ಅಂದರೆ ಮೂತ್ರ ಕಟ್ಟಿಕೊಳ್ಳುವುದನ್ನು, 12 ಬಗೆಯಾಗಿ ವಿಂಗಡಿಸುತ್ತದೆ. ಅದರಲ್ಲಿ ವಾತಾಷ್ಠೀಲಾ ಎಂಬುದರ ವರ್ಣನೆ ಊದಿದ ಪ್ರಾಸ್ಟೇಟನ್ನೇ ನೆನಪಿಸುತ್ತದೆ. ಅಷ್ಟು ಹಿಂದೆಯೇ ಕಾರಣ ಹುಡುಕಿ, ವಿಂಗಡಿಸಿ, ಆಮೇಲೆ ಚಿಕಿತ್ಸೆ ಎಂದರು. ಹೆಸರಿಲ್ಲದ ಪೊಟ್ಟಣ ಆ ಪರಂಪರೆಗೆ ಸೇರಿದ್ದಲ್ಲ. ಆಯುರ್ವೇದವೇ ಬೇಕೆನ್ನುವವರಿಗೆ ಹಾಸನದಲ್ಲೇ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿನ ಆಸ್ಪತ್ರೆ ಇದೆ, ಓದಿದ ವೈದ್ಯರಿದ್ದಾರೆ. ಯಾವ ಪದ್ಧತಿಗೇ ಹೋಗಿ, ಒಳಗೆ ಎಷ್ಟು ಉಳಿಯುತ್ತಿದೆ ಎಂದು ಮೊದಲು ಅಳೆಸಿಕೊಂಡು ಹೋಗಿ.

ತಪ್ಪು ಕಲ್ಪನೆ: ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕು, ಬಡವರ ಕೈಲಾಗದು.

ವಾಸ್ತವ: ಪೈಪು ಹಾಕಲು, ಮೂತ್ರ ಮತ್ತು ಸಕ್ಕರೆ ಪರೀಕ್ಷಿಸಲು ತಾಲೂಕು ಆಸ್ಪತ್ರೆ ಸಾಕು. ಜಿಲ್ಲೆಯ ಮಟ್ಟದಲ್ಲಿ 2006ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್ ಮತ್ತು ಅದಕ್ಕೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಇದೆ. ಅದಕ್ಕೂ ಮೇಲಿನದು ಬೇಕಾದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದ ನೆಫ್ರೋ ಯುರಾಲಜಿ ಸಂಸ್ಥೆ; ಅದೂ ಸರ್ಕಾರದ್ದೇ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ತೋರಿಸಿದರೆ ಮುಂದಿನ ದಾರಿ ಅಲ್ಲಿಯೇ ತಿಳಿಯುತ್ತದೆ.

ಹೊಟ್ಟೆಯ ಕೆಳಭಾಗ ಬಿಗಿದು ಆರೇಳು ಗಂಟೆಯಿಂದ ಮೂತ್ರವೇ ಬಂದಿಲ್ಲದಿದ್ದರೆ, ಮೂತ್ರದಲ್ಲಿ ರಕ್ತದ ಗಂಟು ಕಂಡರೆ, ನಡುಕದ ಜ್ವರ ಬಂದರೆ, ಕಾಲು ಜೋಮು ಹಿಡಿದು ಸೋಲುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಆ ರಾತ್ರಿಯೇ 108ಕ್ಕೆ ಫೋನ್ ಮಾಡಿ.

ಇಂಥದ್ದೇನೂ ಇಲ್ಲದ ಮನೆಯವರಿಗೆ ಒಂದೇ ಕೇಳಿಕೆ. ಹಿತ್ತಲಿಗೆ ಹೋಗುವ ದಾರಿಯಲ್ಲಿ ಒಂದು ದೀಪ ಹಾಕಿಸಿ, ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ ಕೂರಿಸಿ. ರಾತ್ರಿ ಎದ್ದು ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುವ ಹಿರಿಯರು ಬಹಳ. ನಾಳೆ ಬೆಳಿಗ್ಗೆ ಕಾಫಿ ಕೊಡುವಾಗ ಅಪ್ಪನನ್ನೋ ಅವ್ವನನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ರಾತ್ರಿ ಎಷ್ಟು ಸಲ ಎದ್ದಿರಿ ಎಂದು ಕೇಳಿ. ಅವರಾಗಿ ಹೇಳುವುದಿಲ್ಲ.